ಮನೆಗೆ ಸಬ್‌ವೂಫರ್ ಆರಿಸುವುದು ಹೇಗೆ: ಕೊಡಗಿನ ಮನೆಗಳಿಗಾಗಿ ಪದೇ ಪದೇ ಕೇಳುವ ಪ್ರಶ್ನೆಗಳು

ದುಡ್ಡು ಸುರಿದು ಸಬ್‌ವೂಫರ್ (ಆಳದ ಸದ್ದನ್ನು, ಅಂದರೆ ಬೇಸನ್ನು, ಮಾತ್ರ ನುಡಿಸುವ ಸ್ಪೀಕರ್ ಪೆಟ್ಟಿಗೆ; ಚಿಕ್ಕದಾಗಿ ಸಬ್) ತಂದವರು ಆಮೇಲೆ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಸದ್ದೇನೋ ಜೋರಾಗಿದೆ, ಆದರೆ ಬರೀ ಗುಂಯ್ ಅನ್ನುತ್ತೆ." ಕಾರಣ ಹುಡುಕುತ್ತಾ ಹೋದರೆ ಬಾಕ್ಸಿಗಿಂತ ಮೊದಲು ಕೋಣೆ, ಅದನ್ನಿಟ್ಟ ಮೂಲೆ, ತಪ್ಪಾಗಿ ತಿರುಗಿಸಿದ ಎರಡು ಗುಂಡಿಗಳು ಸಿಕ್ಕಿಬೀಳುತ್ತವೆ. ಅದಕ್ಕೇ ಈ ಉತ್ತರಗಳಲ್ಲಿ ಬ್ರಾಂಡಿಗಿಂತ ಕೋಣೆಯ ಮಾತು ಜಾಸ್ತಿ. ಮಡಿಕೇರಿಯ ಆರ್‌ಸಿಸಿ ಮನೆ, ನಾಪೋಕ್ಲು ಕಡೆಯ ಹೆಂಚಿನ ಐನ್‌ಮನೆ (ಕೊಡವ ಕುಟುಂಬದ ಮೂಲಮನೆ), ಕುಶಾಲನಗರದ ಬಡಾವಣೆಯ ಬಾಡಿಗೆ ಮನೆ, ಈ ಮೂರರಲ್ಲೂ ಒಂದೇ ಸಬ್ ಒಂದೇ ಥರ ಕೇಳಿಸುವುದಿಲ್ಲ.

ಸ್ಪೀಕರ್‌ಗಳಲ್ಲೇ ಬೇಸ್ ಬರುತ್ತದೆಯಲ್ಲ, ಸಬ್‌ವೂಫರ್ ಯಾಕೆ ಬೇಕು?

5 ಇಂಚಿನ ವೂಫರ್ ಇರುವ ಬುಕ್‌ಶೆಲ್ಫ್ (ಕಪಾಟಿನಲ್ಲಿ ಕೂರುವಷ್ಟು ಸಣ್ಣ) ಸ್ಪೀಕರ್ ಸಾಮಾನ್ಯವಾಗಿ 55ರಿಂದ 60 ಹರ್ಟ್ಜ್‌ವರೆಗೆ (ಹರ್ಟ್ಜ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ; ಅಂಕಿ ಇಳಿದಷ್ಟೂ ಸದ್ದು ಆಳ) ಇಳಿಯುತ್ತದೆ, ಅದರ ಕೆಳಗೆ ಕೈಬಿಡುತ್ತದೆ. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಮೂಲ ಸ್ವರ 41 ಹರ್ಟ್ಜ್. ಪಿಯಾನೋದ ಎಡತುದಿಯ ಮನೆ 27.5. ಸಿನಿಮಾದ ಸ್ಫೋಟ, ಭೂಕಂಪ, ಎಂಜಿನ್ ಗುಡುಗಿನ ತೂಕವೆಲ್ಲ 20ರಿಂದ 40ರ ನಡುವೆ ಕೂತಿರುತ್ತದೆ. ಇದನ್ನು ಹೊರಡಿಸಲು ಬೇಕಾದಷ್ಟು ಗಾಳಿ ತಳ್ಳುವುದು ಸ್ಪೀಕರಿನಲ್ಲಿ ಹಿಂದೆ ಮುಂದೆ ಅಲುಗುವ ಬಟ್ಟಲಿನಂಥ ಭಾಗ, ಅಂದರೆ ಕೋನು, ಸಣ್ಣದಿದ್ದರೆ ಅದರ ಕೈಲಾಗದ ಕೆಲಸ.

ಇನ್ನೊಂದು ಲಾಭವೂ ಇದೆ. ಕೆಳಗಿನ ಭಾರವನ್ನು ಸಬ್ ಹೊತ್ತುಕೊಂಡಾಗ ಸ್ಪೀಕರಿನ ಕೋನು ಹೆಚ್ಚು ಓಲಾಡುವುದಿಲ್ಲ, ಹಾಡುವ ದನಿ ತಿಳಿಯಾಗುತ್ತದೆ. ಒಳ್ಳೆಯ ಸಬ್‌ವೂಫರ್ ಹಾಕಿದಾಗ ಮೊದಲು ಸುಧಾರಿಸಿದಂತೆ ಕೇಳುವುದು ಎಷ್ಟೋ ಸಲ ಮಾತೇ.

ನೀವು ಕೇಳುವುದು ಭಾವಗೀತೆ, ಮೋನೊ ಕಾಲದ ಚಿತ್ರಗೀತೆ, ದುಡಿಕೊಟ್ಟ್ ಪಾಟ್ (ದುಡಿ ಎಂಬ ಚರ್ಮವಾದ್ಯ ಬಡಿದು ಹಾಡುವ ಕೊಡವ ಹಾಡು) ಇಷ್ಟೇ ಆಗಿದ್ದರೆ ಆತುರ ಬೇಡ. ಆ ಹಳೆಯ ಧ್ವನಿಮುದ್ರಣಗಳಲ್ಲಿ ಆಳದ ಬೇಸ್ ಕಡಿಮೆ. ದುಡಿಯೂ ಸಣ್ಣ ವಾದ್ಯ, ಅದರ ಗಟ್ಟಿತನವೆಲ್ಲ ಸಬ್‌ವೂಫರಿನ ವ್ಯಾಪ್ತಿಗಿಂತ ಮೇಲೇ ಇರುತ್ತದೆ. ಆ ಹಣಕ್ಕೆ ಉತ್ತಮ ಸ್ಪೀಕರ್ ಜೋಡಿ ಕೊಳ್ಳಿ.

ಸಂಗೀತಕ್ಕೆ ಬೇರೆ, ಸಿನಿಮಾಕ್ಕೆ ಬೇರೆ ಸಬ್ ಬೇಕೇ?

ಬೇಡ. ಕೇಳುವ ಗುಣ ಬೇರೆ, ಅಷ್ಟೇ. ಸಂಗೀತಕ್ಕೆ 30 ಹರ್ಟ್ಜ್‌ವರೆಗೆ ಏರುಪೇರಿಲ್ಲದ ಬೇಸ್ ಸಾಕು. ಸಿನಿಮಾಕ್ಕೆ 20ರ ಹತ್ತಿರದವರೆಗೂ ಇಳಿಯಬೇಕು, ಜೊತೆಗೆ ಜೋರೂ ಇರಬೇಕು. ಹೋಂ ಥಿಯೇಟರಿನ 5.1 (ಐದು ಸ್ಪೀಕರ್, ಒಂದು ಸಬ್) ಎಂಬಲ್ಲಿನ ಆ ".1" ಎಂದರೆ ಎಲ್‌ಎಫ್‌ಇ, ಅಂದರೆ ಆಳದ ಸದ್ದಿಗೆಂದೇ ಇರುವ ಚಾನೆಲ್. ಅದರಲ್ಲಿ 120 ಹರ್ಟ್ಜ್‌ವರೆಗಿನ ಸದ್ದು ಮಾತ್ರ ಇರುತ್ತದೆ, ಮತ್ತು ಅದನ್ನು ಬೇರೆ ಚಾನೆಲ್‌ಗಳಿಗಿಂತ 10 ಡೆಸಿಬೆಲ್ (ಸದ್ದಿನ ಜೋರಿನ ಅಳತೆ, ಡಿಬಿ) ಹೆಚ್ಚು ನುಡಿಸುವ ಲೆಕ್ಕದಲ್ಲೇ ಮುದ್ರಿಸಿರುತ್ತಾರೆ. ಸಿನಿಮಾಕ್ಕೆ ಸಾಲುವ ಸಬ್ ಸರಿಯಾಗಿ ಹೊಂದಿಸಿದರೆ ಸಂಗೀತಕ್ಕೂ ಸಾಲುತ್ತದೆ. ಉಲ್ಟಾ ಹೇಳಲಾಗದು.

"ಸಂಗೀತಕ್ಕೆ ವೇಗದ ಬೇಸ್ ಬೇಕು, ದೊಡ್ಡ ಕೋನು ನಿಧಾನ" ಎಂಬ ಮಾತು ಅಂಗಡಿಗಳಲ್ಲಿ ಈಗಲೂ ಓಡುತ್ತಿದೆ. ನಿಧಾನ ಅನ್ನಿಸುವುದು ಕೋಣೆಯಲ್ಲಿ ಒಂದೆರಡು ಸ್ವರಗಳು ನಿಲ್ಲದೆ ಗುಂಯ್‌ಗುಡುವುದರಿಂದ, ಇಲ್ಲವೇ ಸಬ್‌ಗೂ ಸ್ಪೀಕರಿಗೂ ಹೊಂದಾಣಿಕೆ ತಪ್ಪಿರುವುದರಿಂದ. 15 ಇಂಚಿನ ಒಳ್ಳೆಯ ಸಬ್ ಸರಿಯಾದ ಜಾಗದಲ್ಲಿದ್ದರೆ ಮೃದಂಗದ ಎಡದ ಪೆಟ್ಟು ಹಾಗೇ ಬಿಡಿಬಿಡಿಯಾಗಿ ಕೇಳುತ್ತದೆ.

ಸೀಲ್ಡ್ ಒಳ್ಳೆಯದೋ, ಪೋರ್ಟೆಡ್ ಒಳ್ಳೆಯದೋ?

ಸೀಲ್ಡ್ ಎಂದರೆ ಗಾಳಿಯಾಡದ ಮುಚ್ಚಿದ ಪೆಟ್ಟಿಗೆ. ಕೆಳಕ್ಕೆ ಹೋದಂತೆ ಅದರ ಸದ್ದು ಆಕ್ಟೇವ್‌ಗೆ (ಕಂಪನ ಅರ್ಧಕ್ಕೆ ಇಳಿದಾಗಲೆಲ್ಲ) 12 ಡೆಸಿಬೆಲ್‌ನಂತೆ ಮೆಲ್ಲಗೆ ಇಳಿಯುತ್ತದೆ. ಪೋರ್ಟೆಡ್ ಪೆಟ್ಟಿಗೆಗೆ ಕೊಳವೆಯೊಂದಿರುತ್ತದೆ. ಟ್ಯೂನ್ ಮಾಡಿದ ಕಂಪನದ ಆಸುಪಾಸಿನಲ್ಲಿ ಕೋನಿಗಿಂತ ಕೊಳವೆಯ ಗಾಳಿಯೇ ದುಡಿಯುತ್ತದೆ. ಹಾಗಾಗಿ ಅದೇ ಆಂಪ್ (ಕೋನನ್ನು ಅಲುಗಿಸುವ ಶಕ್ತಿ ಕೊಡುವ ಆಂಪ್ಲಿಫೈಯರ್), ಅದೇ ಕೋನಿನಲ್ಲಿ ಆಳದ ಸದ್ದು ಹೆಚ್ಚು ಸಿಗುತ್ತದೆ. ಟ್ಯೂನಿಂಗ್‌ನ ಕೆಳಗೆ ಮಾತ್ರ 24 ಡೆಸಿಬೆಲ್‌ನಂತೆ ಧೊಪ್ಪನೆ ಬೀಳುತ್ತದೆ. ಅಲ್ಲಿ ಕೋನಿಗೆ ಗಾಳಿಯ ತಡೆಯೇ ಇರುವುದಿಲ್ಲ, ಲಗಾಮಿಲ್ಲದೆ ಓಲಾಡುತ್ತದೆ. ಒಳ್ಳೆಯ ಸಬ್‌ಗಳು ಫಿಲ್ಟರ್ ಹಾಕಿ ಇದನ್ನು ತಡೆಯುತ್ತವೆ, ಅಗ್ಗದವು ತಡೆಯುವುದಿಲ್ಲ. ಕೊಳವೆ ಸಣ್ಣದಾಗಿದ್ದರೆ ಜೋರಾದ ದೃಶ್ಯದಲ್ಲಿ "ಫುಸ್" ಎಂಬ ಗಾಳಿ ಸದ್ದೂ ಸೇರಿಕೊಳ್ಳುತ್ತದೆ.

ನಮ್ಮ ಮನೆಗಳಿಗೆ ಇದನ್ನು ಅನ್ವಯಿಸುವುದು ಹೀಗೆ. ಕಿಟಕಿ ಬಾಗಿಲು ಮುಚ್ಚಿದ ಆರ್‌ಸಿಸಿ ಕೋಣೆಯಲ್ಲಿ ಅತಿ ಕೆಳಗಿನ ಬೇಸ್‌ಗೆ ಕೋಣೆಯೇ ಒತ್ತಾಸೆ ಕೊಡುತ್ತದೆ. ಸೀಲ್ಡ್ ಪೆಟ್ಟಿಗೆ ಮೆಲ್ಲಗೆ ಇಳಿಯುವುದನ್ನು ಕೋಣೆ ಮೇಲೆತ್ತಿ ತುಂಬಿಕೊಡುತ್ತದೆ. ಅಲ್ಲಿ 12 ಇಂಚಿನ ಸೀಲ್ಡ್ ಬಹಳ ಚೆನ್ನ. ಹೆಂಚಿನ ಮನೆಯಲ್ಲಿ ಗೋಡೆ ಎಷ್ಟೇ ದಪ್ಪವಿರಲಿ, ಬೇಸ್ ಮೇಲಿನಿಂದ ಹೊರಟುಹೋಗುತ್ತದೆ. ಒತ್ತಾಸೆ ಸಿಗುವುದಿಲ್ಲ. ಅಂಥ ಮನೆಗೆ, ಅದರಲ್ಲೂ ಸಿನಿಮಾ ನೋಡುವವರಿಗೆ, 20ರ ಹತ್ತಿರ ಟ್ಯೂನ್ ಮಾಡಿದ ಪೋರ್ಟೆಡ್ ಸಬ್ಬೇ ಸರಿ. ಅದು ಜಾಗ ತಿನ್ನುತ್ತದೆ. 12 ಇಂಚಿನದ್ದೇ 25 ಕಿಲೋ ದಾಟುವುದುಂಟು.

ಎಷ್ಟು ಇಂಚಿನದ್ದು ತೆಗೆದುಕೊಳ್ಳಲಿ?

ಕಂಪನ ಅರ್ಧಕ್ಕೆ ಇಳಿದಾಗ ಅಷ್ಟೇ ಜೋರಿನ ಸದ್ದಿಗೆ ಕೋನು ನಾಲ್ಕು ಪಟ್ಟು ಹೆಚ್ಚು ದೂರ ಓಡಾಡಬೇಕು. 40 ಹರ್ಟ್ಜ್‌ನಲ್ಲಿ 4 ಮಿಲಿಮೀಟರ್ ಅಲುಗಿದ್ದು 20ರಲ್ಲಿ 16 ಮಿಲಿಮೀಟರ್ ಅಲುಗಬೇಕು. ಅದಕ್ಕೇ ಅಗಲವಾದ ಕೋನು. 12 ಇಂಚಿನ ಕೋನಿನ ದುಡಿಯುವ ವಿಸ್ತೀರ್ಣ 8 ಇಂಚಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಓಡಾಟ ಸಮವಿದ್ದರೆ ಸುಮಾರು 7 ಡೆಸಿಬೆಲ್ ಲಾಭ.

ಕೋಣೆಯ ಉದ್ದ, ಅಗಲ, ಎತ್ತರವನ್ನು ಅಡಿಗಳಲ್ಲಿ ಅಳೆದು ಗುಣಿಸಿ. 10×12 ಅಡಿಯ ಮಲಗುವ ಕೋಣೆ, 10 ಅಡಿ ಎತ್ತರ ಎಂದರೆ 1200 ಘನ ಅಡಿ. ಸಂಗೀತಕ್ಕೆ 8 ಅಥವಾ 10 ಇಂಚು ಸಾಕು. 12×15ರ ಹಾಲ್ 1800 ಘನ ಅಡಿ. ಇಲ್ಲಿಂದ 12 ಇಂಚು ಶುರು. ಹಾಲ್, ಊಟದ ಜಾಗ, ಮೆಟ್ಟಿಲು ಎಲ್ಲ ಒಂದೇ ಬಯಲಾಗಿದ್ದರೆ ಅವಷ್ಟನ್ನೂ ಸೇರಿಸಿ ಲೆಕ್ಕ ಹಾಕಿ. ಬೇಸ್‌ಗೆ ಪರದೆ, ಕಮಾನುಗಳು ಗೋಡೆಯಲ್ಲ. ಐನ್‌ಮನೆಯ ನಡುಬಾಡೆಯಂಥ (ನಡುಮನೆಯಂಥ) ಜಾಗ 3000 ಘನ ಅಡಿ ದಾಟಿದರೆ ಒಂದು 12 ಇಂಚಿನದು ಸಿನಿಮಾಕ್ಕೆ ಏದುಸಿರು ಬಿಡುತ್ತದೆ.

ಬಾಕ್ಸಿನ ಮೇಲೆ 5000 ವಾಟ್ಸ್ ಅಂತ ಬರೆದಿದೆ. ನಂಬಬಹುದೇ?

ಪಿಎಂಪಿಒ ಎಂದು ಬರೆದಿದ್ದರೆ ಆ ಅಂಕಿಯನ್ನು ಮರೆತುಬಿಡಿ, ಅದಕ್ಕೆ ಯಾವ ಅಳತೆಯ ಆಧಾರವೂ ಇಲ್ಲ. ಆರ್‌ಎಂಎಸ್ ವಾಟ್ಸ್, ಅಂದರೆ ಬಿಡದೆ ಕೊಡಬಲ್ಲ ಶಕ್ತಿ ಎಷ್ಟು ಎಂದು ಕೇಳಿ. ಅಗ್ಗದ ಅಸೆಂಬಲ್ ಬಾಕ್ಸುಗಳಲ್ಲಿ ಬಹಳ ಕಾಲದಿಂದ ಬರುತ್ತಿರುವ ಎಲ್‌ಎ4440 ಎಂಬ ಆಂಪ್ ಚಿಪ್ಪು ಎರಡೂ ಚಾನೆಲ್ಲನ್ನು ಒಂದಾಗಿ ಸೇರಿಸಿ ಬ್ರಿಜ್ ಮಾಡಿದಾಗ ಕೊಡುವುದು 19 ವಾಟ್ಸ್ ಮಾತ್ರ. ಇನ್ನೊಂದು ನೆನಪಿರಲಿ: ವಾಟ್ಸ್ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್. 200ರ ಬದಲು 250 ವಾಟ್ಸ್‌ನ ಸಬ್‌ಗೆ ಹೆಚ್ಚು ಹಣ ಕೊಟ್ಟರೆ ಕಿವಿಗೆ ಗೊತ್ತೂ ಆಗುವುದಿಲ್ಲ.

ಹಾಗಾದರೆ ವಿವರಪಟ್ಟಿಯಲ್ಲಿ ನೋಡಬೇಕಾದ್ದು ಏನು?

ಎಷ್ಟು ಹರ್ಟ್ಜ್‌ವರೆಗೆ ಇಳಿಯುತ್ತದೆ ಎಂಬುದರ ಪಕ್ಕ ಎಷ್ಟು ಡೆಸಿಬೆಲ್ ಕುಸಿತಕ್ಕೆ ಎಂದು ಬರೆದಿರಬೇಕು. "25 ಹರ್ಟ್ಜ್, ±3 ಡಿಬಿ" ಅಂದರೆ ನಂಬುವ ಮಾತು. "25 ಹರ್ಟ್ಜ್, −10 ಡಿಬಿ" ಅಂದರೆ 25ರಲ್ಲಿ ಸದ್ದು ಹೆಸರಿಗೆ ಮಾತ್ರ. ಬರೀ "25–150 ಹರ್ಟ್ಜ್" ಎಂದಿದ್ದರೆ ಅದರಿಂದ ಏನೂ ತಿಳಿಯದು. ಸಿಟಿಎ-2010 ಎಂಬ ಅಳತೆಯ ಫಲಿತಾಂಶ ಸಿಕ್ಕರೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. 20, 25, 31.5 ಹರ್ಟ್ಜ್‌ಗಳಲ್ಲಿ ಸಬ್ ಕೆಡದೆ ಎಷ್ಟು ಜೋರು ನುಡಿಯಬಲ್ಲದು ಎಂಬುದನ್ನು ಅದು ಬಿಡಿಬಿಡಿಯಾಗಿ ತೋರಿಸುತ್ತದೆ. ಕೋನಿನ ಅಂಚಿನ ಸರೌಂಡ್ ರಬ್ಬರಿನದೇ ಎಂದೂ ಖಚಿತ ಮಾಡಿಕೊಳ್ಳಿ. ನಮ್ಮ ತೇವದಲ್ಲಿ ಫೋಮಿನದು ಪುಡಿಪುಡಿಯಾಗುತ್ತದೆ.

ಎಲ್ಲಿಡಬೇಕು? ಟಿವಿ ಪಕ್ಕ ಇಟ್ಟರೆ ಸಾಲದೇ?

ಈ ಪ್ರಶ್ನೆಗೆ ಅರ್ಧ ದಿನ ಮೀಸಲಿಡಿ. ಉಳಿದೆಲ್ಲಕ್ಕಿಂತ ಹೆಚ್ಚು ವ್ಯತ್ಯಾಸವಾಗುವುದು ಇಲ್ಲೇ.

40 ಹರ್ಟ್ಜ್ ಸದ್ದಿನ ಒಂದು ಅಲೆ ಸುಮಾರು 8.5 ಮೀಟರ್ ಉದ್ದ, ನಿಮ್ಮ ಹಾಲ್‌ಗಿಂತ ಉದ್ದ. ಅಲೆ ಗೋಡೆಗೆ ಬಡಿದು ಹಿಂದಿರುಗಿ ತನ್ನನ್ನೇ ಕೂಡಿಕೊಂಡಾಗ ಕೋಣೆಯ ಕೆಲವು ಜಾಗದಲ್ಲಿ ಸದ್ದು ಉಬ್ಬುತ್ತದೆ, ಕೆಲವೆಡೆ ಅಳಿದೇಹೋಗುತ್ತದೆ. ಯಾವ ಕಂಪನದಲ್ಲಿ ಹೀಗಾಗುತ್ತದೆ ಎಂದು ಮನೆಯಲ್ಲೇ ಲೆಕ್ಕ ಹಾಕಬಹುದು: 343ನ್ನು ಕೋಣೆಯ ಉದ್ದದ ಎರಡರಷ್ಟು ಮೀಟರಿನಿಂದ ಭಾಗಿಸಿ. 15 ಅಡಿ ಎಂದರೆ 4.57 ಮೀಟರ್, ಉತ್ತರ ಸುಮಾರು 37 ಹರ್ಟ್ಜ್. 12 ಅಡಿ ಅಗಲಕ್ಕೆ 47. ಈ 37ರ ಸ್ವರ ಗೋಡೆಗಳ ಬಳಿ ಗುಡುಗುತ್ತದೆ, ಕೋಣೆಯ ನಟ್ಟನಡುವೆ ಇಲ್ಲವಾಗುತ್ತದೆ. ಹಾಗಾಗಿ ಸೋಫಾ ನಡುಮಧ್ಯದಲ್ಲೂ ಬೇಡ, ಹಿಂಗೋಡೆಗೆ ಆನಿಕೊಂಡೂ ಬೇಡ. 15 ಅಡಿಯ ಕೋಣೆಯಲ್ಲಿ ಹಿಂಗೋಡೆಯಿಂದ ಐದಾರು ಅಡಿ ಮುಂದೆ ಕೂತರೆ ಬೇಸ್ ಸಮವಾಗಿರುವ ಸಂಭವ ಹೆಚ್ಚು.

ಸಬ್‌ನ ಜಾಗ ಹುಡುಕುವ ಕ್ರಮ ಹಳೆಯದು, ಖರ್ಚಿಲ್ಲದ್ದು. ಸೋಫಾದಲ್ಲಿ ನೀವು ಕೂರುವ ಜಾಗದಲ್ಲೇ ಸಬ್ಬನ್ನು ಇಡಿ, ಆದಷ್ಟು ಕಿವಿಯ ಎತ್ತರಕ್ಕೆ. ಬೇಸ್ ಗಿಟಾರ್ ಸ್ವರ ಮೇಲೆ ಕೆಳಗೆ ನಡೆದಾಡುವ ಹಾಡೊಂದನ್ನು ಮತ್ತೆ ಮತ್ತೆ ನುಡಿಸಿ. ಬರೀ ಧಿಂ ಧಿಂ ಬಡಿಯುವ ಹಾಡು ಬೇಡ, ಅದರಲ್ಲಿರುವುದು ಒಂದೇ ಸ್ವರ. ಈಗ ಸಬ್ ಇಡಲು ಸಾಧ್ಯವಿರುವ ಜಾಗಗಳಲ್ಲಿ ಮಂಡಿಯೂರಿ, ಗೋಡೆಯುದ್ದಕ್ಕೂ ಎರಡಡಿಗೊಮ್ಮೆ ಕಿವಿಯನ್ನು ನೆಲದಿಂದ ಒಂದಡಿ ಎತ್ತರಕ್ಕೆ ತಂದು ಕೇಳಿ. ಒಂದು ಕಡೆ ಎಲ್ಲ ಸ್ವರವೂ ಒಂದೇ ತೂಕದಲ್ಲಿ ಕೇಳುತ್ತದೆ. ಎರಡಡಿ ಆಚೆಗೆ ಒಂದು ಸ್ವರ ಉಬ್ಬಿ ಇನ್ನೊಂದು ಮುಳುಗುತ್ತದೆ. ವ್ಯತ್ಯಾಸ ಎಷ್ಟು ಸ್ಪಷ್ಟ ಎಂದರೆ ಸಂಗೀತ ತಿಳಿಯದವರಿಗೂ ಗೊತ್ತಾಗುತ್ತದೆ. ಎಲ್ಲ ಸ್ವರ ಸಮವಾಗಿ ಕೇಳಿದ ಜಾಗಕ್ಕೆ ಚಾಕ್‌ಪೀಸಿನ ಗುರುತು ಹಾಕಿ, ಸಬ್ಬನ್ನು ಅಲ್ಲಿಗೆ ಒಯ್ಯಿರಿ.

ಮೂಲೆಯಲ್ಲಿ ಸದ್ದು ಅತಿ ಜೋರು ಬರುತ್ತದೆ, ನಿಜ. ಕೋಣೆಯ ಎಲ್ಲ ಉಬ್ಬುಗಳೂ ಏಕಕಾಲಕ್ಕೆ ಎಚ್ಚರಗೊಳ್ಳುವುದೂ ಮೂಲೆಯಿಂದಲೇ. ರಿಸೀವರಿನಲ್ಲಿ (ಎಲ್ಲ ಸ್ಪೀಕರ್‌ಗಳಿಗೂ ಸದ್ದು ಹಂಚುವ ಹೋಂ ಥಿಯೇಟರ್ ಆಂಪ್) ಈಕ್ವಲೈಜರ್, ಅಂದರೆ ಬೇಕಾದ ಕಂಪನವನ್ನಷ್ಟೇ ಏರಿಸಿ ತಗ್ಗಿಸುವ ಸೌಲಭ್ಯ, ಇದ್ದರೆ ಉಬ್ಬನ್ನು ಕತ್ತರಿಸಿಕೊಳ್ಳಬಹುದು. ತಗ್ಗನ್ನು ಮಾತ್ರ ಈಕ್ವಲೈಜರಿನಿಂದ ತುಂಬಲಾಗದು. ಎಷ್ಟು ಸುರಿದರೂ ಅಳಿದುಹೋಗುತ್ತದೆ, ಆಂಪ್ ಸುಮ್ಮನೆ ಬೆವರುತ್ತದೆ.

ಮರದ ಉಪ್ಪರಿಗೆ, ಮುಚ್ಚಿಗೆ (ಹಲಗೆಯ ಒಳಮಾಡು) ಇರುವ ಮನೆಯಲ್ಲಿ ಏನು ಎಚ್ಚರ?

ಹಲಗೆ ನೆಲದ ಮೇಲೆ ಇಟ್ಟ ಸಬ್ ಇಡೀ ನೆಲವನ್ನೇ ಚರ್ಮವಾದ್ಯ ಮಾಡುತ್ತದೆ. ಒಂದಿಂಚಿನ ಗ್ರಾನೈಟ್ ತುಂಡು, ಅದರ ಅಡಿಗೆ ದಟ್ಟ ರಬ್ಬರು ಅಥವಾ ಫೋಮ್, ಗ್ರಾನೈಟಿನ ಮೇಲೆ ಸಬ್. ನೆಲಕ್ಕೆ ದಾಟುವ ನಡುಕ ಗಣನೀಯವಾಗಿ ತಗ್ಗುತ್ತದೆ. ತೊಲೆಯ ಮೇಲೆ ಅಥವಾ ಗೋಡೆಗೆ ಹತ್ತಿರ ಇಡಿ, ಎರಡು ತೊಲೆಗಳ ನಡುವಿನ ಹಲಗೆ ಮೇಲೆ ಬೇಡ. ಕೆಂಪು ಸಾರಣೆಯ ಅಥವಾ ಕಾಂಕ್ರೀಟ್ ನೆಲಕ್ಕೆ ಈ ಗ್ರಾನೈಟ್ ಉಪಚಾರ ಬೇಕಿಲ್ಲ.

ಬೇಸ್ ಬಂದಾಗಲೆಲ್ಲ ಎಲ್ಲೋ ಗಡಗಡ ಅನ್ನುತ್ತದೆ. ಸಬ್ ಹಾಳಾಗಿದೆಯೇ?

ಹೆಚ್ಚಿನ ಸಲ ಸಬ್ ಆರೋಗ್ಯವಾಗಿರುತ್ತದೆ, ಕೋಣೆಯ ಸಾಮಾನು ನಡುಗುತ್ತಿರುತ್ತದೆ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ 20ರಿಂದ 120 ಹರ್ಟ್ಜ್‌ವರೆಗೆ ಮೆಲ್ಲಗೆ ಏರಿಸಿ. ಗಡಗಡ ಶುರುವಾದ ಅಂಕಿಯಲ್ಲಿ ನಿಲ್ಲಿಸಿ, ಕೋಣೆಯಲ್ಲಿ ಒಂದೊಂದೇ ವಸ್ತುವನ್ನು ಅಂಗೈಯಿಂದ ಒತ್ತುತ್ತಾ ಬನ್ನಿ. ಗೋಡೆಗೆ ತೂಗುಹಾಕಿದ ಪೀಚೆಕತ್ತಿ, ಒಡಿಕತ್ತಿಗಳನ್ನು (ಕೊಡವರ ಸಾಂಪ್ರದಾಯಿಕ ಕತ್ತಿಗಳು) ಮೊದಲು ನೋಡಿ. ಪೀಚೆಕತ್ತಿಯ ಒರೆಯೊಳಗೆ ಅಲಗು ಸಡಿಲವಾಗಿದ್ದರೆ ಒಂದು ನಿರ್ದಿಷ್ಟ ಸ್ವರಕ್ಕೆ ಜುಮ್ಮನೆ ಮಿಡಿಯುತ್ತದೆ, ಅದರ ಬೆಳ್ಳಿ ಸರಪಳಿ ಗೋಡೆಗೆ ತಾಕಿ ಕಿಣಿಕಿಣಿ ಅನ್ನುತ್ತದೆ. ಹಿಂದೆ ಎರಡು ಚೂರು ಫೆಲ್ಟ್ ಬಟ್ಟೆ ಅಂಟಿಸಿದರೆ ಮುಗಿಯಿತು. ಆಮೇಲೆ ಕಿಟಕಿಯ ಚಿಲಕ, ಗಾಜಿನ ಬೀರುವಿನ ಬಾಗಿಲು, ಫೋಟೋ ಫ್ರೇಮು, ಪಕ್ಕದ ಅಡುಗೆಮನೆಯ ಸ್ಟೀಲ್ ಡಬ್ಬಿಗಳ ಮುಚ್ಚಳ, ಮುಚ್ಚಿಗೆಯ ಸಡಿಲ ಮೊಳೆ.

ಎರಡು ಸಣ್ಣ ಸಬ್ ಒಳ್ಳೆಯದೋ, ಒಂದು ದೊಡ್ಡದೋ?

ಒಬ್ಬರೇ ಒಂದೇ ಕುರ್ಚಿಯಲ್ಲಿ ಕೂತು ಕೇಳುವುದಾದರೆ ಒಂದೇ ದೊಡ್ಡದು. ಮನೆಮಂದಿಯೆಲ್ಲ ಕೂರುವುದಾದರೆ ಎರಡು. ಎದುರುಬದುರು ಗೋಡೆಗಳ ನಡುಮಧ್ಯದಲ್ಲಿ ಒಂದೊಂದು ಇಟ್ಟಾಗ, ಉದ್ದಕ್ಕೆ ಏಳುವ ಮೊದಲ ಉಬ್ಬನ್ನು ಎರಡೂ ಸೇರಿ ಅಳಿಸುತ್ತವೆ. ಎಲ್ಲ ಕುರ್ಚಿಗೂ ಹತ್ತಿರ ಹತ್ತಿರ ಒಂದೇ ಬೇಸ್ ಸಿಗುತ್ತದೆ. ಎರಡೂ ಒಂದೇ ಮಾದರಿಯವಾಗಿರಲಿ. ಸೀಲ್ಡ್ ಒಂದು, ಪೋರ್ಟೆಡ್ ಒಂದು ಸೇರಿಸಿದರೆ ಟ್ಯೂನಿಂಗ್ ಹತ್ತಿರ ಒಂದನ್ನೊಂದು ಕಡಿದುಹಾಕುತ್ತವೆ. ನಮ್ಮ ಸಲಹೆ: ಮೊದಲು ಒಂದು ಒಳ್ಳೆಯದು ಕೊಳ್ಳಿ, ಮುಂದಿನ ವರ್ಷ ಅದರದೇ ಜೊತೆ ತನ್ನಿ.

ರಿಸೀವರಿನಲ್ಲಿ ಏನೇನು ಹೊಂದಿಸಬೇಕು?

ರಿಸೀವರಿನ ಸಬ್ ಔಟ್‌ನಿಂದ ಸಬ್‌ನ ಎಲ್‌ಎಫ್‌ಇ ಇನ್‌ಪುಟ್‌ಗೆ ಒಂದೇ ಆರ್‌ಸಿಎ ಕೇಬಲ್. ಶೀಲ್ಡ್ ಇರುವ ಕೇಬಲಾದರೆ 8 ಮೀಟರ್ ಉದ್ದವಿದ್ದರೂ ತೊಂದರೆಯಿಲ್ಲ. ಸಬ್ ಹಿಂದಿನ ಕ್ರಾಸ್‌ಓವರ್ (ಯಾವ ಕಂಪನದ ಕೆಳಗಿನ ಸದ್ದು ಸಬ್‌ಗೆ ಎಂದು ಗೆರೆ ಎಳೆಯುವ) ಗುಂಡಿಯನ್ನು ಗರಿಷ್ಠಕ್ಕೆ ತಿರುಗಿಸಿ, ಇಲ್ಲವೇ ಎಲ್‌ಎಫ್‌ಇ ಎಂಬಲ್ಲಿಗೆ ಇಡಿ. ಇದನ್ನು ಮರೆತರೆ ರಿಸೀವರಿನ ಫಿಲ್ಟರೂ ಸಬ್‌ನ ಫಿಲ್ಟರೂ ಎರಡೂ ಕತ್ತರಿಸಿ ನಡುವಿನ ಸದ್ದಿನಲ್ಲಿ ತಗ್ಗು ಬೀಳುತ್ತದೆ. ವಾಲ್ಯೂಮ್ ಗುಂಡಿ ಅರ್ಧಕ್ಕಿರಲಿ. ತಾನಾಗಿ ಆಫ್ ಆಗುವ ಸೌಲಭ್ಯವಿದ್ದರೆ ಸದ್ಯಕ್ಕೆ ಅದನ್ನು ತೆಗೆದು "ಆನ್"ನಲ್ಲಿಡಿ.

ರಿಸೀವರಿನಲ್ಲಿ ಎಲ್ಲ ಸ್ಪೀಕರ್‌ಗಳನ್ನೂ "ಸ್ಮಾಲ್" ಎಂದು ಹಾಕಿ, ಎಷ್ಟೇ ದೊಡ್ಡವಾಗಿದ್ದರೂ. ಇದು ಸ್ಪೀಕರಿಗೆ ಅವಮಾನವಲ್ಲ, ಬೇಸನ್ನು ಸಬ್‌ಗೆ ಕಳುಹಿಸು ಎಂಬ ಸೂಚನೆ. ಕ್ರಾಸ್‌ಓವರ್ 80 ಹರ್ಟ್ಜ್‌ನಿಂದ ಶುರು ಮಾಡಿ. ಥಿಯೇಟರ್ ಧ್ವನಿಯ ಟಿಎಚ್‌ಎಕ್ಸ್ ಮಾನದಂಡ ಇದೇ ಅಂಕಿಯನ್ನು ಹಿಡಿದದ್ದು. ಇದರ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿ ಹಿಡಿಯುವುದು ಕಷ್ಟ. ಎಲ್‌ಎಫ್‌ಇ ಲೋ ಪಾಸ್ 120ರಲ್ಲೇ ಇರಲಿ. "ಎಲ್‌ಎಫ್‌ಇ + ಮೇನ್" ಬೇಡ, ಒಂದೇ ಬೇಸ್ ಎರಡು ಕಡೆಯಿಂದ ಬಂದು ಕಲಸಿಹೋಗುತ್ತದೆ.

ಆಮೇಲೆ ರಿಸೀವರಿನ ಜೊತೆ ಬಂದ ಮೈಕ್ ಇಟ್ಟು, ಕೋಣೆಯ ಸದ್ದನ್ನು ಅಳೆಯುವ ರಿಸೀವರಿನದೇ ತಪಾಸಣೆ ಓಡಿಸಿ. ಮೈಕನ್ನು ಸ್ಟ್ಯಾಂಡಿನ ಮೇಲೆ ಕಿವಿಯ ಎತ್ತರಕ್ಕಿಡಿ, ಸೋಫಾದ ಬೆನ್ನಿನ ಮೇಲೆ ಬೇಡ. ಫ್ಯಾನು, ಫ್ರಿಜ್ ನಿಲ್ಲಿಸಿ. ಹೆಂಚಿನ ಅಥವಾ ಶೀಟಿನ ಮಾಡಿದ್ದರೆ ಮಳೆ ಬಿಟ್ಟ ಹೊತ್ತು ಕಾಯಿರಿ. ಜುಲೈ ಮಳೆ ಶೀಟಿನ ಮೇಲೆ ಸುರಿಯುವಾಗ ಆ ಮೈಕಿಗೆ ಮಳೆಯೇ ಕೇಳುತ್ತದೆ, ಅಳತೆ ಕೆಟ್ಟುಹೋಗುತ್ತದೆ. ಮುಗಿದ ಮೇಲೆ ಸಬ್ ಮಟ್ಟ −12 ಎಂದು ತೋರಿಸಿದರೆ ಸಬ್ ಹಿಂದಿನ ವಾಲ್ಯೂಮ್ ಹೆಚ್ಚಾಗಿದೆ ಎಂದರ್ಥ. ತಗ್ಗಿಸಿ ಮತ್ತೆ ಓಡಿಸಿ. −8 ಮತ್ತು −3ರ ನಡುವೆ ಬಂದರೆ ಸರಿ. ಸಬ್‌ನ ದೂರ ಟೇಪಿನ ಅಳತೆಗಿಂತ ಹೆಚ್ಚು ತೋರಿಸಿದರೆ ಅದನ್ನು ತಿದ್ದಬೇಡಿ. ಸಬ್‌ನೊಳಗಿನ ಸಂಸ್ಕರಣೆಗೆ ಹಿಡಿಯುವ ವಿಳಂಬವನ್ನು ರಿಸೀವರ್ ದೂರವಾಗಿ ಲೆಕ್ಕ ಹಾಕಿರುತ್ತದೆ.

ಕೊನೆಗೆ ಫೇಸ್, ಅಂದರೆ ಸಬ್‌ನ ಅಲೆಯೂ ಸ್ಪೀಕರಿನ ಅಲೆಯೂ ಒಟ್ಟೊಟ್ಟಿಗೆ ಏರಿಳಿಯುವಂತೆ ಹೊಂದಿಸುವುದು. 80 ಹರ್ಟ್ಜ್ ಟೋನನ್ನು ಸ್ಪೀಕರ್, ಸಬ್ ಎರಡರಲ್ಲೂ ಒಟ್ಟಿಗೆ ನುಡಿಸಿ, ನೀವು ಸೋಫಾದಲ್ಲಿ ಕೂತಿರಿ, ಇನ್ನೊಬ್ಬರು ಸ್ವಿಚ್ಚನ್ನು 0 ಮತ್ತು 180ರ ನಡುವೆ ಬದಲಿಸಲಿ. ಯಾವುದರಲ್ಲಿ ಸದ್ದು ಜೋರೋ ಅದೇ ಸರಿ.

ಮಳೆಗಾಲದಲ್ಲಿ ಮಾತೇ ಕೇಳುವುದಿಲ್ಲ, ಸಬ್ ಏರಿಸಲೇ?

ಏರಿಸಬೇಡಿ, ಮಾತು ಇನ್ನೂ ಮುಚ್ಚಿಹೋಗುತ್ತದೆ. ಮಾತು ಬರುವ ನಡುವಿನ ಸ್ಪೀಕರನ್ನು, ಅಂದರೆ ಸೆಂಟರ್ ಚಾನೆಲ್ಲನ್ನು, 2ರಿಂದ 3 ಡೆಸಿಬೆಲ್ ಏರಿಸಿ.

ಸ್ಟೀರಿಯೊ ಆಂಪ್ ಮಾತ್ರ ಇದೆ. ಸಬ್ ಜೋಡಿಸಬಹುದೇ?

ಸಬ್ ಔಟ್ ಅಥವಾ ಪ್ರಿ ಔಟ್ ಇದ್ದರೆ ಸುಲಭ. ಇಲ್ಲದಿದ್ದರೆ ಹೈ ಲೆವೆಲ್ ಇನ್‌ಪುಟ್ ಇರುವ ಸಬ್ ಕೊಂಡು, ಆಂಪ್‌ನ ಸ್ಪೀಕರ್ ಟರ್ಮಿನಲ್‌ಗಳಿಂದಲೇ ವೈರ್ ಎಳೆಯಿರಿ. ಆಂಪ್ ಕ್ಲಾಸ್ ಡಿ ಅಥವಾ ಬ್ರಿಜ್ ಮಾದರಿಯದಾದರೆ ಎರಡೂ ಚಾನೆಲ್‌ಗಳ ಮೈನಸ್ ತಂತಿಗಳನ್ನು ಒಂದಕ್ಕೊಂದು ಸೇರಿಸಬೇಡಿ, ಆಂಪ್ ಸುಟ್ಟುಹೋಗಬಹುದು. ಹೇಗೆ ಜೋಡಿಸಬೇಕೆಂದು ಸಬ್‌ನ ಕೈಪಿಡಿಯಲ್ಲಿ ಇರುತ್ತದೆ.

ಇಲ್ಲಿ ಸ್ಪೀಕರ್‌ಗಳಿಂದ ಬೇಸ್ ಕತ್ತರಿಸುವವರು ಯಾರೂ ಇಲ್ಲ. ಹಾಗಾಗಿ ಸಬ್‌ನ ಕ್ರಾಸ್‌ಓವರನ್ನು ಸ್ಪೀಕರ್ ಸೋಲುವ ಜಾಗಕ್ಕೆ, ಅಂದರೆ 50ರಿಂದ 60ಕ್ಕೆ, ಇಟ್ಟು ವಾಲ್ಯೂಮನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿ. ಸಬ್ ಕೇಳಿಸಿತು ಅನ್ನಿಸಿದ ತಕ್ಷಣ ಒಂದು ಎಳೆ ಹಿಂದಕ್ಕೆ.

ಸೌಂಡ್‌ಬಾರ್‌ಗೆ ಬೇರೆ ಕಂಪನಿಯ ಸಬ್ ಸೇರಿಸಬಹುದೇ?

ಬಾರ್‌ನಲ್ಲಿ ಸಬ್ ಔಟ್ ಎಂಬ ತೂತು ಇದ್ದರೆ ಮಾತ್ರ. ವೈರ್‌ಲೆಸ್ ಜೋಡಿಗಳು ತಮ್ಮದೇ ಕಂಪನಿಯ ಸಬ್‌ನೊಂದಿಗಷ್ಟೇ ಮಾತಾಡುತ್ತವೆ.

ವಾಲ್ಯೂಮ್ ತಗ್ಗಿಸಿದ ಕೂಡಲೇ ಬೇಸ್ ಯಾಕೆ ಮಾಯವಾಗುತ್ತದೆ?

ಕಿವಿಯ ಸ್ವಭಾವ ಅದು. ಸದ್ದು ಮೆಲ್ಲಗಿದ್ದಾಗ ಕೆಳಗಿನ ಕಂಪನಗಳಿಗೆ ಕಿವಿ ಬಹಳ ಮಂದ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದರು. ರಾತ್ರಿ ಮೆಲ್ಲಗೆ ಕೇಳುವವರು ರಿಸೀವರಿನ ಲೌಡ್‌ನೆಸ್ ಸೌಲಭ್ಯ ಬಳಸಿ, ಅಥವಾ ಸಬ್ಬನ್ನು 3 ಡೆಸಿಬೆಲ್ ಏರಿಸಿ. ಹೋಂಸ್ಟೇ ನಡೆಸುವವರು ಗಮನಿಸಿ: 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ತೋಟದ ನಿಶ್ಶಬ್ದದಲ್ಲಿ ಬೇಸ್ ಕಣಿವೆಯಾಚೆಗೂ ನಡೆದುಹೋಗುತ್ತದೆ. ಮರಗಳು ಅದನ್ನು ತಡೆಯುವುದಿಲ್ಲ.

ಏನೂ ನುಡಿಸದಿದ್ದರೂ ಗುಂಯ್ ಎನ್ನುತ್ತಲೇ ಇರುತ್ತದೆ. ಏನು ಮಾಡಲಿ?

ಆರ್‌ಸಿಎ ಕೇಬಲನ್ನು ಸಬ್‌ನಿಂದ ಕೀಳಿ. ಗುಂಯ್ ಉಳಿದರೆ ದೋಷ ಸಬ್‌ನೊಳಗೋ ಕರೆಂಟಿನಲ್ಲೋ ಇದೆ. ಹೋದರೆ ಅರ್ಥ್ ಸುತ್ತುಬಳಸಿನ (ಗ್ರೌಂಡ್ ಲೂಪ್) ಸಮಸ್ಯೆ. ಕೇಬಲ್ ಮತ್ತೆ ಹಾಕಿ, ಸೆಟ್‌ಟಾಪ್ ಬಾಕ್ಸಿಗೆ ಬರುವ ಡಿಶ್ ವೈರನ್ನು ಬಿಚ್ಚಿ ನೋಡಿ. ಬಹಳ ಮನೆಗಳಲ್ಲಿ ಕಳ್ಳ ಅಲ್ಲೇ ಸಿಗುತ್ತಾನೆ: ಮಾಡಿನ ಮೇಲೆ ಒದ್ದೆ ಕಬ್ಬಿಣದ ಪೈಪಿಗೆ ಕಟ್ಟಿದ ಡಿಶ್ ಬೇರೆಯೇ ದಾರಿಯಲ್ಲಿ ಭೂಮಿಗೆ ಸೇರಿರುತ್ತದೆ. ಟಿವಿ, ರಿಸೀವರ್, ಸಬ್ ಮೂರಕ್ಕೂ ಒಂದೇ ಸ್ವಿಚ್‌ಬೋರ್ಡಿನಿಂದ ಕರೆಂಟ್ ಕೊಡಿ. ಆಗಲೂ ಹೋಗದಿದ್ದರೆ ಆರ್‌ಸಿಎ ಮಧ್ಯೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ.

ಪ್ಲಗ್ಗಿನ ಮೂರನೆಯ ಪಿನ್ ಮುರಿದರೆ ಗುಂಯ್ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಗುಂಯ್ ನಿಲ್ಲಬಹುದು, ಆದರೆ ಒಳಗೆ ತಂತಿ ತಗುಲಿದ ದಿನ ಸಬ್‌ನ ಲೋಹದ ತಟ್ಟೆ ಮುಟ್ಟಿದವರ ಜೀವಕ್ಕೆ ಅಪಾಯ.

ಮಳೆಗಾಲಕ್ಕೆ ಸಬ್ಬನ್ನು ಹೇಗೆ ಕಾಪಾಡಿಕೊಳ್ಳುವುದು?

ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಪೆಟ್ಟಿಗೆ ನೀರು ಹೀರಿ ಅಂಚಿನಲ್ಲಿ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಹೊರಗೋಡೆಯಿಂದ ಅರ್ಧ ಅಡಿ ದೂರವಿಡಿ, ರಬ್ಬರ್ ಕಾಲುಗಳು ನೆಲದಿಂದ ಎತ್ತರಿಸಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೊಂದೆರಡು ಗಂಟೆ ಚಾಲೂ ಇಡಿ. ಆಂಪ್‌ನ ಬಿಸಿಗೆ ಒಳಗಿನ ತೇವ ಆರುತ್ತದೆ. ಪ್ಲಾಸ್ಟಿಕ್ ಕವರು ಹೊದಿಸಿ ಕಟ್ಟಿಡುವುದು ಅತಿ ಕೆಟ್ಟದ್ದು, ಕಾಗದದ ಕೋನಿಗೆ ಬೂಷ್ಟು ಹಿಡಿಯುವುದು ಹಾಗೆಯೇ. ಹತ್ತಿ ಬಟ್ಟೆ ಹೊದಿಸಿ. ಗೆದ್ದಲಿರುವ ಮನೆಯಲ್ಲಿ ವಾರಕ್ಕೊಮ್ಮೆ ಸಬ್ಬನ್ನು ಸರಿಸಿ ಅಡಿ ನೋಡಿ.

ಪೋರ್ಟೆಡ್ ಸಬ್‌ನ ಕೊಳವೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ, ಇಲಿ ಒಳಗಿನ ಹತ್ತಿ ಕೀಳುತ್ತದೆ. ಊರಿಗೆ ಹೋಗುವಾಗ ಕೊಳವೆಗೆ ಬಟ್ಟೆ ತುರುಕಿ, ಬಂದ ಮೇಲೆ ತೆಗೆಯಲು ಮರೆಯಬೇಡಿ.

ಸಿಡಿಲು, ಕರೆಂಟ್ ಏರಿಳಿತ, ಇನ್ವರ್ಟರ್?

ಹೂಮಳೆಯ (ಕಾಫಿ ಹೂವರಳಿಸುವ ಬೇಸಿಗೆ ಮಳೆ) ಕಾಲದ ಗುಡುಗು ಸಿಡಿಲೇ ಹೆಚ್ಚು ಅಪಾಯ. ಸರ್ಜ್ ಪ್ರೊಟೆಕ್ಟರ್ ಸಣ್ಣ ಏರಿಕೆಯನ್ನು ತಡೆಯುತ್ತದೆ, ಹತ್ತಿರ ಬಡಿದ ಸಿಡಿಲನ್ನು ತಡೆಯುವುದಿಲ್ಲ. ಮೋಡ ಕಟ್ಟಿದಾಗ, ಗುಡುಗು ಶುರುವಾಗುವ ಮೊದಲೇ ಪ್ಲಗ್ ಕೀಳಿ, ಜೊತೆಗೆ ಡಿಶ್ ವೈರು, ಇಂಟರ್‌ನೆಟ್ ತಾಮ್ರದ ವೈರನ್ನೂ ಬಿಚ್ಚಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಮೋಟರುಗಳು ಓಡುವಾಗ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಕುಸಿಯುತ್ತದೆ. ಹಿಂದಿನ ತಟ್ಟೆಯಲ್ಲಿ 100–240 ವೋಲ್ಟ್ ಎಂದಿದ್ದರೆ ಸಬ್ ತಡೆದುಕೊಳ್ಳುತ್ತದೆ. ಬರೀ 230 ಎಂದಿದ್ದರೆ 1 ಕೆವಿಎ ಸ್ಟೆಬಿಲೈಜರ್ ಹಾಕಿ. ಇನ್ವರ್ಟರ್ ಸೈನ್ ವೇವ್ ಮಾದರಿಯದೇ ಆಗಿರಲಿ. ಸ್ಕ್ವೇರ್ ವೇವ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಗುಯ್‌ಗುಟ್ಟುತ್ತದೆ, ಕಾಯುತ್ತದೆ.

ಮನೆಯಲ್ಲಿ ತೇಗ, ಬೀಟೆ ಹಲಗೆ ಇದೆ. ಬಾಕ್ಸ್ ಮಾಡಿಸಬಹುದೇ? ಕಾರಿನ ಸಬ್ ಇದೆ, ಅದನ್ನೇ ಹಾಕಬಹುದೇ?

ಇಡೀ ಮರದ ಹಲಗೆ ಬೇಡ. ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುವಾಗ ಅಂಟು ಬಿಟ್ಟು ಸಂದಿನಿಂದ ಗಾಳಿ ಸೋರುತ್ತದೆ. ಐಎಸ್ 710 ಗುರುತಿನ 18 ಮಿಲಿಮೀಟರ್ ಮೆರೀನ್ ಪ್ಲೈವುಡ್ ತನ್ನಿ, ಒಳಗೆ ಅಡ್ಡಪಟ್ಟಿ ಕೊಡಿ, ಎಲ್ಲ ಸಂದಿಗೂ ಅಂಟು ಮತ್ತು ಸ್ಕ್ರೂ, ಡ್ರೈವರ್ ಅಂಚಿಗೆ ಗ್ಯಾಸ್ಕೆಟ್. ಪೆಟ್ಟಿಗೆಯ ಒಳಗಾತ್ರವನ್ನು ಕಣ್ಣಂದಾಜಿನಲ್ಲಿ ಹಿಡಿಯಬೇಡಿ, ಡ್ರೈವರಿನ (ಕೋನು, ಕಾಯಿಲ್, ಅಯಸ್ಕಾಂತ ಸೇರಿದ ಭಾಗ) ವಿವರಪಟ್ಟಿಯಲ್ಲಿರುವ ವಿಎಎಸ್, ಕ್ಯೂಟಿಎಸ್ ಅಂಕಿಗಳಿಂದ ಲೆಕ್ಕ ಹಾಕಿ. ತೇಗದ ಚಂದ ಬೇಕಿದ್ದರೆ ವಿನೀರ್ ಅಂಟಿಸಿ.

ಕಾರಿನ ಸಬ್‌ನ ಪೆಟ್ಟಿಗೆಯನ್ನು ಕಾರಿನ ಸಣ್ಣ ಜಾಗ ಬೇಸ್‌ಗೆ ಕೊಡುವ ಒತ್ತಾಸೆ ನಂಬಿ ಮಾಡಿರುತ್ತಾರೆ. ಹಾಲ್‌ನಲ್ಲಿ ಅದು 40ರ ಕೆಳಗೆ ಸೊರಗುತ್ತದೆ. 12 ವೋಲ್ಟ್ ಆಂಪ್‌ಗೆ ಬೇರೆ ಪವರ್ ಸಪ್ಲೈ ಬೇಕು. ಎಲ್ಲ ಕೂಡಿಸಿದರೆ ಉಳಿತಾಯವೇನೂ ಇಲ್ಲ.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ?

ಬಲೆ ತೆಗೆಸಿ ಸರೌಂಡನ್ನು ಬೆರಳಿನಿಂದ ಒತ್ತಿ ನೋಡಿ. ಪುಡಿ ಅಂಟಿದರೆ ಬೇಡ. ಕೋನಿನ ಎರಡೂ ಬದಿಗೆ ಬೆರಳಿಟ್ಟು ಮೆಲ್ಲಗೆ ನೇರವಾಗಿ ಒಳಕ್ಕೆ ತಳ್ಳಿ. ಗೀರಿದ ಸದ್ದು ಬಂದರೆ ಕಾಯಿಲ್ ಉಜ್ಜುತ್ತಿದೆ. ಒಂದು ಮೂವತ್ತು ನಿಮಿಷ ನುಡಿಸಿ ಹಿಂದಿನ ತಟ್ಟೆ ಮುಟ್ಟಿ: ಬೆಚ್ಚಗಿರಬೇಕು, ಕೈಯಿಡಲಾಗದಷ್ಟು ಬಿಸಿ ಇರಬಾರದು. ಕೇಬಲ್ ಕಿತ್ತರೂ ಸಣ್ಣಗೆ 100 ಹರ್ಟ್ಜ್ ಝೇಂಕಾರ ಬರುತ್ತಿದ್ದರೆ ಪವರ್ ಸಪ್ಲೈ ಕೆಪಾಸಿಟರ್ ಸೋತಿರಬಹುದು. ಬದಲಿಸುವುದು ಕಷ್ಟದ ಕೆಲಸವಲ್ಲ, ಆದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಹೊಸದನ್ನು ಎಲ್ಲಿ ಕೊಳ್ಳುವುದು?

ಕೂತು ಕೇಳಬೇಕೆಂದರೆ ಮೈಸೂರು ಅಥವಾ ಬೆಂಗಳೂರಿಗೆ ಹೋಗಬೇಕಾದೀತು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ನೆನಪಿಡಿ, ಅಂಗಡಿಯ ಕೋಣೆ ನಿಮ್ಮದಲ್ಲ. ಅಲ್ಲಿ ತಿಳಿಯುವುದು ಜೋರು ಹಾಕಿದಾಗ ಸಬ್ ಚಟಚಟ ಅನ್ನುತ್ತದೆಯೇ, ಫುಸ್ ಅನ್ನುತ್ತದೆಯೇ ಎಂಬುದಷ್ಟೇ. ವಾಪಸ್ ಕೊಡುವ ಅವಧಿ ಎಷ್ಟು ದಿನ, ಕೆಟ್ಟರೆ 25 ಕಿಲೋದ ಪೆಟ್ಟಿಗೆಯನ್ನು ಸಾಗಿಸುವ ಖರ್ಚು ಯಾರದು ಎಂದು ಬರಹದಲ್ಲಿ ಪಡೆಯಿರಿ. ಖಾಲಿ ರಟ್ಟಿನ ಡಬ್ಬ, ಥರ್ಮೋಕೋಲನ್ನು ಅಟ್ಟದಲ್ಲಿ ಒಣಗಿದ ಜಾಗದಲ್ಲಿ ಎತ್ತಿಡಿ. ಅದಿಲ್ಲದೆ ಕೊರಿಯರ್‌ನವರು ಹೊರುವುದೂ ಇಲ್ಲ, ಹೊತ್ತರೂ ಸಬ್ ಮೂಲೆ ಮುರಿದು ತಲುಪುತ್ತದೆ.